ಸ್ಕಾಟ್ಲೆಂಡಿನಲ್ಲೊಂದು ಮದ್ರಾಸ್: ಮರಳಲ್ಲಿ ಬರೆದ ಪಾಠ ಯಾರದ್ದು?

ಇವತ್ತು ಒಂದು ಶಾಲೆಯ ಕಥೆ. ಇಯರ್‌ಫೋನ್ ಸರಿ ಮಾಡ್ಕೊಳ್ಳಿ, ದೂರ ಹೋಗೋದಿದೆ.

ಸ್ಕಾಟ್ಲೆಂಡಿನ ಪೂರ್ವ ಕರಾವಳಿಯಲ್ಲಿ ಸೇಂಟ್ ಆಂಡ್ರೂಸ್ ಅಂತ ಒಂದು ಪುಟ್ಟ ಊರಿದೆ. ಗಾಲ್ಫ್ ನೋಡೋರಿಗೆ ಈ ಹೆಸರು ಗೊತ್ತಿರುತ್ತೆ. ರಾಜಕುಮಾರ ವಿಲಿಯಂ ಮತ್ತು ಕೇಟ್ ಪರಿಚಯವಾದದ್ದು ಇಲ್ಲಿನ ವಿಶ್ವವಿದ್ಯಾಲಯದಲ್ಲೇ. ಆ ವಿಶ್ವವಿದ್ಯಾಲಯ ಶುರುವಾದದ್ದು 1413ರಲ್ಲಿ. ಅದೇ ಊರಲ್ಲಿ ಒಂದು ಸರ್ಕಾರಿ ಹೈಸ್ಕೂಲೂ ಇದೆ. 11ರಿಂದ 18 ವರ್ಷದ 1,400ಕ್ಕೂ ಹೆಚ್ಚು ಮಕ್ಕಳು ಅಲ್ಲಿ ಓದ್ತಾರೆ. ಅದರ ಹೆಸರು ಮದ್ರಾಸ್ ಕಾಲೇಜ್. ಕಾಲೇಜ್ ಅಂದ್ರೂ ಹೈಸ್ಕೂಲೇ. ಊರವರ ಬಾಯಲ್ಲಿ ಬರೀ ಮದ್ರಾಸ್.

ನಮ್ಮ ಪಕ್ಕದ ಮದ್ರಾಸು ಆ ಹೆಸರು ಬಿಟ್ಟು ಚೆನ್ನೈ ಆಗಿದ್ದು 1996ರಲ್ಲಿ. ಸ್ಕಾಟ್ಲೆಂಡಿನ ಮದ್ರಾಸ್ ಮಾತ್ರ ಹಾಗೇ ಉಳಿದುಕೊಂಡಿದೆ. ನಾನು ಈ ಹೆಸರಿನ ಹಿಂದೆ ಬಿದ್ದಾಗ, ಯಾರೋ ಹಳೇ ಕಂಪನಿ ಅಧಿಕಾರಿ ಊರಿನ ನೆನಪಿಗೆ ಇಟ್ಟಿರಬೇಕು, ಅಲ್ಲಿಗೆ ಕಥೆ ಮುಗೀತು ಅಂತ ಅಂದ್ಕೊಂಡಿದ್ದೆ. ಆದರೆ ಅದು ಎಗ್ಮೋರಿಗೆ ಹೋಯ್ತು, ಅಲ್ಲಿಂದ ದೇವನಹಳ್ಳಿಗೆ, ಬಳ್ಳಾರಿಗೆ, ಕೊನೆಗೆ ಗೇರುಸೊಪ್ಪೆ ಘಟ್ಟಕ್ಕೆ.

ಮೊದಲು ಆ ಮನುಷ್ಯ ಯಾರು ಅಂತ ನೋಡೋಣ. ಹೆಸರು ಆಂಡ್ರ್ಯೂ ಬೆಲ್. 1753ರಲ್ಲಿ ಇದೇ ಸೇಂಟ್ ಆಂಡ್ರೂಸ್‌ನಲ್ಲಿ ಹುಟ್ಟಿದವನು, ಅಪ್ಪ ಕ್ಷೌರಿಕ. ಚಿಕ್ಕಂದಿನಲ್ಲಿ ಶಾಲೆ ಅಂದ್ರೆ ಬೆತ್ತದ ಏಟು. ಇವತ್ತು ಎಷ್ಟು ಬೀಳುತ್ತೋ ಅಂತ ನಡುಗ್ತಾನೇ ಶಾಲೆಗೆ ಹೋಗ್ತಿದ್ದೆ ಅನ್ನೋದನ್ನ ಅವನು ಮುದುಕನಾದ ಮೇಲೂ ಮರೆತಿರಲಿಲ್ಲ. ಊರಿನ ವಿಶ್ವವಿದ್ಯಾಲಯದಲ್ಲೇ ಓದಿ, ಅಮೆರಿಕದ ವರ್ಜೀನಿಯಾಕ್ಕೆ ಹೋಗಿ ದೊಡ್ಡ ಮನೆಯ ಮಕ್ಕಳಿಗೆ ಮೇಷ್ಟ್ರಾಗಿದ್ದು, ವಾಪಸ್ ಬಂದು ಪಾದ್ರಿಯಾದ. 1787ರಲ್ಲಿ ಹಡಗು ಹತ್ತಿ ಮದ್ರಾಸಿಗೆ ಬಂದ. ಆಗ ಜೇಬಲ್ಲಿ ಇದ್ದದ್ದು 128 ಪೌಂಡ್ ಚಿಲ್ಲರೆ. ಒಂಬತ್ತು ವರ್ಷ ಬಿಟ್ಟು ಹೊರಟಾಗ ಅವನ ಆಸ್ತಿ 25,000 ಪೌಂಡ್ ದಾಟಿತ್ತು. ಹೇಗೆ ಅಂತೀರಾ? ಒಬ್ಬನೇ ಮನುಷ್ಯ ಕಂಪನಿಯ ಹಲವು ರೆಜಿಮೆಂಟುಗಳಿಗೆ ಪಾದ್ರಿ. ಪ್ರತಿಯೊಂದರಿಂದಲೂ ಸಂಬಳ. ಆ ಕಾಲದಲ್ಲಿ ಇದು ಮಾಮೂಲಿ, ಯಾರೂ ಹುಬ್ಬೇರಿಸ್ತಿರಲಿಲ್ಲ. ಆದರೆ ಆ ಸಂಬಳ ಬರ್ತಿದ್ದ ಕಂಪನಿಯ ಖಜಾನೆ ತುಂಬ್ತಿದ್ದದ್ದು ಇಲ್ಲಿಯ ರೈತರ ಕಂದಾಯದಿಂದ ಅನ್ನೋದನ್ನ ನಾವು ಮರೆಯೋದು ಬೇಡ.

ಒಂದು ಕೆಲಸವನ್ನ ಮಾತ್ರ ಅವನು ಸಂಬಳ ತಗೊಳ್ಳದೆ ಮಾಡಿದ. 1789ರಲ್ಲಿ ಎಗ್ಮೋರಿನಲ್ಲಿ ಶುರುವಾದ ಗಂಡುಮಕ್ಕಳ ಅನಾಥಾಲಯದ ಮೇಲ್ವಿಚಾರಣೆ. ಅನಾಥಾಲಯ ಅಂದ್ರೂ ಅಲ್ಲಿದ್ದ ಎಲ್ಲರೂ ತಬ್ಬಲಿಗಳಲ್ಲ. ಬ್ರಿಟಿಷ್ ಸಿಪಾಯಿಗಳಿಗೂ ಇಲ್ಲಿನ ಹೆಂಗಸರಿಗೂ ಹುಟ್ಟಿದ ಮಕ್ಕಳು ಅವರು. ಅಪ್ಪ ಸತ್ತಿರಬಹುದು, ಊರು ಬಿಟ್ಟಿರಬಹುದು. ಅಮ್ಮ ಎಷ್ಟೋ ಸಲ ಬದುಕೇ ಇರ್ತಿದ್ದಳು. ಅವಳಿಂದ ಮಗುವನ್ನ ದೂರ ಇಟ್ಟು ಬೆಳೆಸಬೇಕು ಅನ್ನೋದೇ ಅದನ್ನ ನಡೆಸುವವರ ಉದ್ದೇಶವಾಗಿತ್ತು. ಇತ್ತ ಅದೇ ಹೊತ್ತಿಗೆ, 1791ರಲ್ಲಿ, ಕಂಪನಿ ಒಂದು ನಿಯಮ ಮಾಡಿತು: ತಾಯಿ ಭಾರತೀಯಳಾದರೆ ಅವನಿಗೆ ಕಂಪನಿಯ ಅಧಿಕಾರಿ ಹುದ್ದೆ ಇಲ್ಲ. 1795ರಲ್ಲಿ ಇನ್ನೂ ಬಿಗಿ. ಸೈನ್ಯದಲ್ಲಿ ಅಂಥವರು ಡ್ರಮ್ ಬಾರಿಸಬಹುದು, ಕೊಳಲು ಊದಬಹುದು, ಕುದುರೆಗೆ ಲಾಳ ಕಟ್ಟಬಹುದು. ಅಷ್ಟೇ. ಒಂದು ಕೈಯಲ್ಲಿ ಅಮ್ಮನಿಂದ ಬಿಡಿಸ್ತಾರೆ, ಇನ್ನೊಂದು ಕೈಯಲ್ಲಿ ಅಪ್ಪನ ಕಡೆಯ ಬಾಗಿಲು ಹಾಕ್ತಾರೆ. ಆ ಮಕ್ಕಳು ಎಲ್ಲಿಗೆ ಹೋಗಬೇಕು ಹೇಳಿ.

ಸರಿ, ಈಗ ಮರಳಿನ ಕಥೆ. ಒಂದು ಬೆಳಿಗ್ಗೆ ಬೆಲ್ ಕುದುರೆ ಮೇಲೆ ಹೋಗ್ತಿದ್ದಾಗ ದಾರಿ ಬದಿಯಲ್ಲಿ ಒಂದು ನಾಡಶಾಲೆ ಕಾಣ್ತು. ಮಕ್ಕಳು ನೆಲದ ಮೇಲೆ ಕೂತು, ಮುಂದೆ ಮರಳು ಹರವಿಕೊಂಡು, ಬೆರಳಲ್ಲಿ ಅಕ್ಷರ ತಿದ್ದುತ್ತಿದ್ದರು. ಅವನು ಅದನ್ನ ಮಲಬಾರ್ ಶಾಲೆ ಅಂತ ಕರೆದಿದ್ದಾನೆ. ಆ ಕಾಲದ ಯುರೋಪಿಯನ್ನರು ತಮಿಳರನ್ನೂ ಮಲಬಾರಿಗಳು ಅಂತಲೇ ಕರೀತಿದ್ದರು, ಕೇರಳ ಅಂತ ಅಂದ್ಕೋಬೇಡಿ. ಬೆಲ್‌ಗೆ ಕಾಗದ, ಮಸಿ, ಗರಿಯ ಲೇಖನಿ ಯಾವುದೂ ಬೇಡದ ಪಾಠ ಕಣ್ಣಿಗೆ ಬಿತ್ತು. ವಾಪಸ್ ಬಂದವನೇ ತನ್ನ ಶಾಲೆಯಲ್ಲೂ ಹೀಗೇ ಮಾಡಿ ಅಂದ. ಅಲ್ಲಿನ ಮೇಷ್ಟ್ರುಗಳು ಒಪ್ಪಲಿಲ್ಲ. ಇದೆಲ್ಲ ಆಗೋ ಹೋಗೋ ಮಾತಲ್ಲ ಅಂದುಬಿಟ್ಟರು. ಆಗ ಬೆಲ್ ದೊಡ್ಡವರನ್ನ ಪಕ್ಕಕ್ಕಿಟ್ಟು, ಜಾನ್ ಫ್ರಿಸ್ಕೆನ್ ಅನ್ನೋ ಎಂಟು ವರ್ಷದ ಹುಡುಗನನ್ನ ಕರೆದು, ಚಿಕ್ಕ ಮಕ್ಕಳಿಗೆ ಮರಳಲ್ಲಿ ಅಕ್ಷರ ಕಲಿಸೋ ಕೆಲಸ ಕೊಟ್ಟ. ಮೇಷ್ಟ್ರ ಕೈಲಿ ಆಗದ್ದು ಅವನ ಕೈಲಿ ಆಯ್ತು. ಫ್ರಿಸ್ಕೆನ್ ಒಬ್ಬ ಸಾಮಾನ್ಯ ಸಿಪಾಯಿಯ ಮಗ.

ಅಲ್ಲಿಂದ ಇಡೀ ಶಾಲೆಯನ್ನೇ ಬೆಲ್ ಹಾಗೆ ಕಟ್ಟಿದ. ಬಲ್ಲ ಹುಡುಗ ಬಾರದ ಹುಡುಗನಿಗೆ ಕಲಿಸೋದು, ಅವನ ಮೇಲೆ ಇನ್ನೊಬ್ಬ ದೊಡ್ಡ ಹುಡುಗ, ಎಲ್ಲರ ಮೇಲೆ ಒಬ್ಬ ಮೇಷ್ಟ್ರು. ನಾವೆಲ್ಲ ಶಾಲೆಯಲ್ಲಿ ಕಂಡ ಕ್ಲಾಸ್ ಮಾನಿಟರ್ ಇದ್ದಾನಲ್ಲ, ಮಾತಾಡಿದವರ ಹೆಸರು ಬೋರ್ಡಿನ ಮೇಲೆ ಬರೀತಿದ್ದವನು, ಅವನ ಹಿರಿಯ ಇವನೇ. ಬೆಲ್ ಬೆತ್ತ ಕಡಿಮೆ ಮಾಡಿದ. ತಪ್ಪುಗಳನ್ನ ಒಂದು ಕಪ್ಪು ಪುಸ್ತಕದಲ್ಲಿ ಬರೆಸಿ, ವಾರಕ್ಕೊಮ್ಮೆ ಎಲ್ಲರ ಮುಂದೆ ಓದಿಸಿ, ಹುಡುಗರ ಪಂಚಾಯಿತಿಯಿಂದಲೇ ತೀರ್ಮಾನ ಹೇಳಿಸ್ತಿದ್ದ. ಏಟಿಗೆ ನಡುಗಿದ್ದ ಹುಡುಗ ದೊಡ್ಡವನಾಗಿ ಮಾಡಿದ ಕೆಲಸ ಇದು. ಇದನ್ನ ನಾನು ಮನಸಾರೆ ಮೆಚ್ಚುತ್ತೇನೆ.

ಆ ಶಾಲೆಯ ಹುಡುಗರು ಏನಾದ್ರು? ಇಲ್ಲಿ ಕಥೆ ನಮ್ಮ ಕಡೆಗೆ ತಿರುಗುತ್ತೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನ್ ತನ್ನ ಇಬ್ಬರು ಮಕ್ಕಳನ್ನ ಒತ್ತೆ ಇಡಬೇಕಾಗಿ ಬಂತಲ್ಲ, ಆ ಮಕ್ಕಳನ್ನ 1794ರಲ್ಲಿ ಕ್ಯಾಪ್ಟನ್ ಡೊವ್‌ಟನ್ ದೇವನಹಳ್ಳಿಗೆ ಕರೆತಂದು ಅಪ್ಪನಿಗೆ ಒಪ್ಪಿಸಿದ. ಆ ತಂಡದ ಜೊತೆ ಎಗ್ಮೋರ್ ಶಾಲೆಯ ವಿಲಿಯಂ ಸ್ಮಿತ್ ಅನ್ನೋ 17 ವರ್ಷದ ಹುಡುಗನೂ ಬಂದಿದ್ದ. ಬೆಲ್‌ಗೆ ಭೌತವಿಜ್ಞಾನದ ಹುಚ್ಚು, ಮದ್ರಾಸಿನಲ್ಲಿ ಟಿಕೆಟ್ ಇಟ್ಟು ಉಪನ್ಯಾಸ ಕೊಡ್ತಿದ್ದವನು. ಅವನ ಕೈಯಲ್ಲಿ ಕಲಿತ ಸ್ಮಿತ್, ಟಿಪ್ಪುವಿನ ಎದುರು ಉಪಕರಣಗಳನ್ನ ಇಟ್ಟುಕೊಂಡು ವಿಜ್ಞಾನದ ಪ್ರಯೋಗಗಳನ್ನ ಮಾಡಿ ತೋರಿಸಿದ. ಏರ್‌ಪೋರ್ಟಿಗೆ ಹೋಗುವಾಗ ದೇವನಹಳ್ಳಿ ಕೋಟೆ ಕಡೆ ಒಂದ್ಸಲ ಕಣ್ಣು ಹಾಯಿಸಿ. ಅಮ್ಮನ ಜಾತಿ ನೋಡಿ ಕಂಪನಿ ಹೊರಗಿಟ್ಟ ಹುಡುಗರಲ್ಲಿ ಒಬ್ಬ ಮೈಸೂರಿನ ಸುಲ್ತಾನನಿಗೆ ಮೇಷ್ಟ್ರಾದ, ಒಂದೆರಡು ದಿನದ ಮಟ್ಟಿಗಾದರೂ.

ಅದೇ 1794ರಲ್ಲಿ ಮದ್ರಾಸಿನಲ್ಲಿ ಸರ್ವೆ ಶಾಲೆ ಶುರುವಾಯ್ತು. ಅದಕ್ಕೆ ಮೊದಲ ವಿದ್ಯಾರ್ಥಿಗಳನ್ನ ಆರಿಸಿದ್ದು ಈ ಅನಾಥಾಲಯದಿಂದಲೇ. ಮುಂದೆ ಅದು ಬೆಳೆದು ಗಿಂಡಿ ಇಂಜಿನಿಯರಿಂಗ್ ಕಾಲೇಜಾಯ್ತು. ಟಿಪ್ಪು ಸತ್ತ ಮೇಲೆ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯನ್ನ ಅಳೆದ ಸರ್ವೆಯಲ್ಲೂ ಆ ಸರ್ವೆ ಶಾಲೆಯಲ್ಲಿ ಪಳಗಿದ ಹುಡುಗರ ದುಡಿಮೆ ಇದೆ.

ಬೆಲ್ 1796ರಲ್ಲಿ ಮದ್ರಾಸ್ ಬಿಟ್ಟ. ಮರುವರ್ಷ ಲಂಡನ್ನಿನಲ್ಲಿ ತನ್ನ ಎಗ್ಮೋರ್ ಪ್ರಯೋಗದ ಬಗ್ಗೆ ಒಂದು ಚಿಕ್ಕ ಪುಸ್ತಕ ಅಚ್ಚು ಹಾಕಿಸಿದ. ಆಮೇಲೆ ಅದು ಬಿರುಗಾಳಿ ಥರ ಹಬ್ಬಿತು. ಕಾರ್ಖಾನೆಗಳ ಇಂಗ್ಲೆಂಡಿನಲ್ಲಿ ಬಡ ಮಕ್ಕಳ ಹಿಂಡು. ಅವರಿಗೆ ಶಾಲೆ ಬೇಕು, ಖರ್ಚು ಬೇಡ. ನೂರಾರು ಮಕ್ಕಳಿಗೆ ಒಬ್ಬ ಮೇಷ್ಟ್ರು, ಉಳಿದದ್ದೆಲ್ಲ ಮಕ್ಕಳೇ ಅಂದ್ರೆ ಯಾರಿಗೆ ಬೇಡ? ಹೆಚ್ಚೂಕಡಿಮೆ ಅದೇ ಹೊತ್ತಿಗೆ ಲಂಡನ್ನಿನಲ್ಲಿ ಜೋಸೆಫ್ ಲ್ಯಾಂಕಾಸ್ಟರ್ ಅನ್ನೋ ಕ್ವೇಕರ್ ಯುವಕ ಇಂಥದ್ದೇ ಶಾಲೆ ನಡೆಸ್ತಿದ್ದ. ಯಾರು ಮೊದಲು ಕಂಡುಹಿಡಿದದ್ದು ಅಂತ ಇಬ್ಬರ ಬೆಂಬಲಿಗರಿಗೂ ಜಗಳ. ಚರ್ಚಿನವರು ಬೆಲ್ ಕಡೆ, ಚರ್ಚ್ ಆಫ್ ಇಂಗ್ಲೆಂಡಿಗೆ ಸೇರದವರು ಲ್ಯಾಂಕಾಸ್ಟರ್ ಕಡೆ. 1811ರಲ್ಲಿ ಚರ್ಚಿನವರು ನ್ಯಾಷನಲ್ ಸೊಸೈಟಿ ಅಂತ ಕಟ್ಟಿ ಬೆಲ್ ಪದ್ಧತಿಯ ಶಾಲೆಗಳನ್ನ ಊರೂರಲ್ಲಿ ತೆರೆದರು. ಕವಿ ವರ್ಡ್ಸ್‌ವರ್ತ್, ಕೋಲ್‌ರಿಜ್ ಕೂಡ ಬೆಲ್ ಭಕ್ತರಾಗಿದ್ದರು. ಈ ಪದ್ಧತಿಗೆ ಬಿದ್ದ ಹೆಸರೇ ಮದ್ರಾಸ್ ಸಿಸ್ಟಂ. ಅಂದ್ರೆ ಶಾಲೆಯ ಹೆಸರಲ್ಲಿರೋದು ಊರಿನ ನೆನಪಲ್ಲ, ವಿಧಾನದ ಹೆಸರು.

ಒಂದು ಮಾತು ಹೇಳಲೇಬೇಕು. ಬಡವರ ಮಕ್ಕಳಿಗೆಲ್ಲ ಬರವಣಿಗೆ, ಲೆಕ್ಕ ಕಲಿಸೋದು ಬೇಕಿಲ್ಲ, ದುಡಿಮೆಯವರು ತಮ್ಮ ಸ್ಥಾನ ಮೀರಿ ಯೋಚಿಸೋ ಹಾಗೆ ಆಗಬಾರದು ಅನ್ನೋ ಅರ್ಥದ ಮಾತನ್ನ ಬೆಲ್ ತನ್ನ ಪುಸ್ತಕದ 1805ರ ಆವೃತ್ತಿಯಲ್ಲಿ ಬರೆದ. ಬರೆದವನು ಯಾರು? ಕ್ಷೌರಿಕನ ಮಗ. ಎಂಟು ವರ್ಷದ ಸಿಪಾಯಿಯ ಮಗನನ್ನ ನಂಬಿ ಗೆದ್ದವನು. ಅವತ್ತಿನ ಶ್ರೀಮಂತರ ಭಯ ಕಡಿಮೆ ಮಾಡೋಕೆ ಹಾಗೆ ಬರೆದ ಅಂತ ಕೆಲವರು ಸಮರ್ಥಿಸ್ತಾರೆ. ನನಗಂತೂ ಆ ಸಮರ್ಥನೆ ಗಂಟಲಲ್ಲಿ ಇಳಿಯಲ್ಲ.

ಈಗ ಮೂಲ ಪ್ರಶ್ನೆಗೆ ಬರೋಣ. ಬೆಲ್ ಹೇಳಿಕೊಂಡದ್ದು ಇಷ್ಟು: ಮರಳು ನಾನು ಅಲ್ಲಿ ನೋಡಿದ್ದು, ಮಕ್ಕಳೇ ಮಕ್ಕಳಿಗೆ ಕಲಿಸೋದು ನನ್ನ ಸ್ವಂತ ಶೋಧ. ನಿಜಾನಾ?

ಬೆಲ್‌ಗಿಂತ 150ಕ್ಕೂ ಹೆಚ್ಚು ವರ್ಷ ಹಿಂದಕ್ಕೆ ಹೋಗೋಣ, 1623ಕ್ಕೆ. ಪಿಯೆಟ್ರೊ ಡೆಲ್ಲಾ ವಲ್ಲೆ ಅನ್ನೋ ಇಟಲಿಯ ಪ್ರವಾಸಿ ಗೋವಾದಿಂದ ಪೋರ್ಚುಗೀಸ್ ರಾಯಭಾರಿಯ ಜೊತೆ ಇಕ್ಕೇರಿಗೆ ಹೊರಟಿದ್ದ, ಕೆಳದಿಯ ವೆಂಕಟಪ್ಪ ನಾಯಕನನ್ನ ಕಾಣೋಕೆ. ಗೇರುಸೊಪ್ಪೆ ದಾಟಿ ಘಟ್ಟ ಹತ್ತಿದ ಮೇಲೆ ಒಂದು ಹನುಮಂತನ ಗುಡಿ. ಸಾಮಾನು ಹೊರುವವರು ಸಿದ್ಧವಾಗೋವರೆಗೂ ಗುಡಿಯ ಜಗಲಿಯಲ್ಲಿ ಕೂತ. ಅಲ್ಲಿ ನಾಲ್ಕು ಹುಡುಗರು ಲೆಕ್ಕ ಕಲೀತಿದ್ದರು. ಒಬ್ಬ ರಾಗವಾಗಿ ಹೇಳೋದು, ಉಳಿದವರು ಅದೇ ರಾಗದಲ್ಲಿ ಹೇಳ್ತಾ ಬೆರಳಲ್ಲಿ ಬರೆಯೋದು. ಎಲ್ಲಿ? ನೆಲದ ಮೇಲೆ ಹರವಿದ ನುಣುಪು ಮರಳಲ್ಲಿ. ನೆಲ ತುಂಬಿದ ಮೇಲೆ ಅಳಿಸಿ ಮತ್ತೆ ಮರಳು ಹರಡೋದು. ಮೇಷ್ಟ್ರೇ ಇಲ್ಲ. ತಪ್ಪಾದ್ರೆ ಯಾರು ತಿದ್ದುತ್ತಾರೆ ಅಂತ ಇವನು ಕೇಳಿದ. ನಾಲ್ವರಿಗೂ ಒಟ್ಟಿಗೆ ಗೊತ್ತಾಗದೇ ಇರೋದು ಅಂತ ಇರಲ್ಲ, ಒಬ್ಬರಿಗೊಬ್ಬರು ತಿದ್ದುಕೊಳ್ತೀವಿ ಅನ್ನೋ ಹಾಗೆ ಹುಡುಗರು ಉತ್ತರ ಕೊಟ್ಟರು. ಮಲೆನಾಡಿನ ಅಂಚಿನ ಆ ಪೋರರ ಹೆಸರುಗಳು ಇತಿಹಾಸದಲ್ಲಿ ಇಲ್ಲ. ಇದ್ದಿದ್ದರೆ ಯಾವ ಶಾಲೆಗೆ ಇಡಬಹುದಿತ್ತೋ!

ಇನ್ನೊಂದು ಸಾಕ್ಷಿ ಬಳ್ಳಾರಿಯದ್ದು. 1822ರಲ್ಲಿ ಮದ್ರಾಸ್ ಗವರ್ನರ್ ಆಗಿದ್ದ ಥಾಮಸ್ ಮನ್ರೋ, ಅವನೂ ಸ್ಕಾಟ್ಲೆಂಡಿನವನೇ, ಗ್ಲಾಸ್ಗೋದವನು, ಎಲ್ಲ ಜಿಲ್ಲೆಗಳಲ್ಲಿ ಎಷ್ಟು ಶಾಲೆಗಳಿವೆ ಲೆಕ್ಕ ಕೊಡಿ ಅಂತ ಕಲೆಕ್ಟರುಗಳಿಗೆ ಆದೇಶ ಹೊರಡಿಸಿದ. ಬಳ್ಳಾರಿ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಕಳಿಸಿದ ವರದಿ ಓದೋಕೆ ಕಾದಂಬರಿ ಥರ ಇದೆ. ಜಿಲ್ಲೆಯಲ್ಲಿ ಒಟ್ಟು 533 ಶಾಲೆಗಳು, 6,641 ಮಕ್ಕಳು. ಕನ್ನಡ ಶಾಲೆಗಳು 235, ತೆಲುಗು 226, ಉಳಿದವು ಮರಾಠಿ, ಪಾರಸಿ, ತಮಿಳು, ಸಂಸ್ಕೃತದವು, ಒಂದೇ ಒಂದು ಇಂಗ್ಲಿಷಿನದು.

ಬೆಳಿಗ್ಗೆ ಶಾಲೆಗೆ ಎಲ್ಲರಿಗಿಂತ ಮೊದಲು ಬಂದವನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನಿಗೆ ಸೊನ್ನೆ, ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಒಂದು ಮೆಲ್ಲನೆ ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತಾ ಹೋಗುತ್ತೆ. ತಡವಾಗಿ ಬರೋರ ಗತಿ ನೀವೇ ಲೆಕ್ಕ ಹಾಕಿ. ಮೊದಲು ಮರಳಲ್ಲಿ ಬೆರಳು, ಆಮೇಲೆ ಹಲಿಗೆ ಅಥವಾ ಕಡತ. ಕಡತ ಅಂದ್ರೆ ಗಂಜಿ ಹಾಕಿ ಗಟ್ಟಿ ಮಾಡಿ, ಇದ್ದಿಲು ಅಂಟು ಬಳಿದು, ಪುಸ್ತಕದ ಹಾಗೆ ಮಡಚಿದ ಬಟ್ಟೆ. ಅದರ ಮೇಲೆ ಬಳಪದಲ್ಲಿ ಬರೆದು ಒದ್ದೆ ಬಟ್ಟೆಯಲ್ಲಿ ಒರೆಸೋದು. ವಿಧಾನಸೌಧದಲ್ಲಿ ಈಗಲೂ ಕಡತ ವಿಲೇವಾರಿ ಅಂತಾರಲ್ಲ, ಅದೇ ಪದ!

ಈ ವರದಿಯಲ್ಲಿ ನಮಗೆ ಬೇಕಾದ್ದು ಎರಡು ವಿಷಯ. ಒಂದು, ಕೆಳಗಿನ ತರಗತಿಗಳನ್ನ ಮುಂದುವರಿದ ವಿದ್ಯಾರ್ಥಿಗಳೇ ನೋಡಿಕೊಳ್ತಿದ್ದರು, ಮೇಲಿನವರನ್ನ ಮೇಷ್ಟ್ರು. ಎರಡು, ಹೀಗೆ ಬಲ್ಲವನು ಬಾರದವನಿಗೆ ಕಲಿಸುತ್ತಾ ತನ್ನ ಕಲಿಕೆಯನ್ನೂ ಗಟ್ಟಿ ಮಾಡಿಕೊಳ್ಳೋ ಕ್ರಮ ಮೆಚ್ಚತಕ್ಕದ್ದು, ಇಂಗ್ಲೆಂಡ್ ಇದನ್ನ ಅನುಕರಿಸಿದ್ದು ಸರಿಯಾಗಿಯೇ ಇದೆ ಅಂತ ಕ್ಯಾಂಪ್‌ಬೆಲ್ ಸ್ಪಷ್ಟವಾಗಿ ಬರೀತಾನೆ. ಇದು ಯಾವುದೋ ದೇಶಾಭಿಮಾನಿಯ ಭಾಷಣ ಅಲ್ಲ, ಕಂಪನಿಯ ಕಲೆಕ್ಟರನ ಸರ್ಕಾರಿ ಕಾಗದ. ಗಾಂಧಿವಾದಿ ಧರಂಪಾಲ್ ಇಂಥ ವರದಿಗಳನ್ನೆಲ್ಲ ಸೇರಿಸಿ 1983ರಲ್ಲಿ ಪುಸ್ತಕ ಮಾಡಿದ ಮೇಲೆ ಇದು ಹೆಚ್ಚು ಜನಕ್ಕೆ ಗೊತ್ತಾಯ್ತು.

ಹಾಗಂತ ನಮ್ಮ ಹಳೇ ಶಾಲೆ ಸ್ವರ್ಗ ಆಗಿತ್ತು ಅಂತ ವಾಟ್ಸಾಪ್ ಫಾರ್ವರ್ಡ್ ಮಾಡಬೇಡಿ. ಅದೇ ವರದಿ ಪೂರ್ತಿ ಓದಿ. 6,641 ಮಕ್ಕಳಲ್ಲಿ ಹುಡುಗಿಯರು 60. ಬರೀ ಅರವತ್ತು. ಜಿಲ್ಲೆಯ ಜನಸಂಖ್ಯೆ ಒಂಬತ್ತು ಲಕ್ಷ ದಾಟಿತ್ತು, ಸಾವಿರ ಜನಕ್ಕೆ ಏಳು ಮಕ್ಕಳೂ ಶಾಲೆಯಲ್ಲಿ ಇರಲಿಲ್ಲ. ಅರ್ಥ ತಿಳಿಯದ ಪದ್ಯಗಳನ್ನ ಉರು ಹೊಡೆಸೋದನ್ನ ಕ್ಯಾಂಪ್‌ಬೆಲ್ ಟೀಕಿಸಿದ್ದಾನೆ. ಸೋಮಾರಿ ಹುಡುಗನನ್ನ ಎರಡೂ ಕೈ ಕಟ್ಟಿ ಮಾಡಿನಿಂದ ನೇತು ಹಾಕ್ತಿದ್ದರು ಅಂತಲೂ ಬರೆದಿದ್ದಾನೆ. ಹಳಬರು ಕೋದಂಡ ಅಂತಿದ್ದದ್ದು ಇದೇ. ವಿಚಿತ್ರ ಅಂದ್ರೆ, ಅತ್ತ ಲಂಡನ್ನಿನಲ್ಲಿ ಲ್ಯಾಂಕಾಸ್ಟರ್ ಕೂಡ ತಪ್ಪು ಮಾಡಿದ ಹುಡುಗನನ್ನ ಬುಟ್ಟಿಯಲ್ಲಿ ಕೂರಿಸಿ ಸೂರಿಗೆ ಎಳೆಸ್ತಿದ್ದ. ಅದನ್ನ ಯಾರು ಯಾರಿಂದ ಕಲಿತರೋ, ಅದಕ್ಕೆ ಮಾತ್ರ ಯಾರೂ ಹಕ್ಕು ಕೇಳಲಿಲ್ಲ. ಶಾಲೆಗಳು ಬಡವಾಗ್ತಿರೋದಕ್ಕೆ ಕಾರಣವನ್ನೂ ಕ್ಯಾಂಪ್‌ಬೆಲ್ ಬರೆದಿದ್ದಾನೆ. ಇಂಗ್ಲೆಂಡಿನ ಬಟ್ಟೆ ಬಂದು ನೇಕಾರರ ಕಸುಬು ಬಿತ್ತು, ಜನರ ಕೈಯಲ್ಲಿ ಕಾಸಿಲ್ಲ, ಮಕ್ಕಳನ್ನ ಓದಿಸೋಕೆ ಆಗ್ತಿಲ್ಲ ಅಂತ.

ಹಾಗಾದ್ರೆ ಬೆಲ್ ಕದ್ದನಾ? ಎಗ್ಮೋರಿನ ಪ್ರಯೋಗ ಅವನದ್ದೇ. ಬರೆದಿಟ್ಟದ್ದು, ಕಪ್ಪು ಪುಸ್ತಕ, ಪಂಚಾಯಿತಿ, ನೂರಾರು ಮಕ್ಕಳಿಗೆ ಅಳವಡಿಸಿದ ಶಿಸ್ತು, ಎಲ್ಲ ಅವನದ್ದೇ. ಆದರೆ ಮರಳು ಮತ್ತು ಮಾನಿಟರ್ ನಮ್ಮ ನಾಡಶಾಲೆಯ ಒಂದೇ ಜಗಲಿಯಲ್ಲಿ ಅಕ್ಕಪಕ್ಕ ಕೂತಿದ್ದವು. ಮರಳು ಕಂಡ ಕಣ್ಣಿಗೆ ಪಕ್ಕದಲ್ಲಿ ಕಲಿಸ್ತಿದ್ದ ಹುಡುಗ ಕಾಣಲೇ ಇಲ್ಲ ಅನ್ನೋದನ್ನ ನಂಬೋದು ನನಗೆ ಕಷ್ಟ. ತಮಾಷೆ ನೋಡಿ, ಕೆಲವೇ ವರ್ಷದಲ್ಲಿ ಇದೇ ಪದ್ಧತಿ ಹೊಸ ವಿಲಾಯತಿ ಸರಕಾಗಿ ನಮ್ಮಲ್ಲಿಗೇ ವಾಪಸ್ ಬಂತು. 1814ರಿಂದ ಬಂಗಾಳದ ಚಿನ್ಸುರಾದಲ್ಲಿ ರಾಬರ್ಟ್ ಮೇ ಅನ್ನೋ ಮಿಷನರಿ ಲ್ಯಾಂಕಾಸ್ಟರ್ ವಿಧಾನದ ಶಾಲೆಗಳನ್ನ ತೆರೆದ.

ಬೆಲ್ ಸತ್ತದ್ದು 1832ರ ಜನವರಿಯಲ್ಲಿ. ಅದಕ್ಕೆ ಮುಂಚಿನ ವರ್ಷ 1,20,000 ಪೌಂಡ್ ಟ್ರಸ್ಟಿಗೆ ಬರೆದುಕೊಟ್ಟ. ಅವತ್ತಿನ ಕಾಲಕ್ಕೆ ಊಹಿಸಲಾಗದಷ್ಟು ಹಣ. ಅರ್ಧ ಸೇಂಟ್ ಆಂಡ್ರೂಸ್‌ಗೆ, ಉಳಿದದ್ದರಲ್ಲಿ ಎಡಿನ್‌ಬರೋ, ಗ್ಲಾಸ್ಗೋ, ಲೀತ್, ಅಬರ್ಡೀನ್, ಇನ್ವರ್ನೆಸ್‌ಗೆ ತಲಾ 10,000. ಎಗ್ಮೋರಿನ ಮಕ್ಕಳಿಗೆ ಈ ಹಂಚಿಕೆಯಲ್ಲಿ ಪಾಲಿಲ್ಲ. ಆ ಅನಾಥಾಲಯದ ವಂಶದ ಶಾಲೆ ಚೆನ್ನೈಯಲ್ಲಿ ಸೇಂಟ್ ಜಾರ್ಜ್ ಆಂಗ್ಲೋ ಇಂಡಿಯನ್ ಶಾಲೆಯಾಗಿ ಈಗಲೂ ನಡೀತಿದೆ, ಅದು ತನ್ನ ಕಾಲ ಮೇಲೆ ತಾನು ನಿಂತದ್ದು.

ಆ ದುಡ್ಡಲ್ಲಿ ಸೇಂಟ್ ಆಂಡ್ರೂಸ್‌ನ ಸೌತ್ ಸ್ಟ್ರೀಟ್‌ನಲ್ಲಿ ಮದ್ರಾಸ್ ಕಾಲೇಜ್ ಎದ್ದಿತು. ವಾಸ್ತುಶಿಲ್ಪಿ ವಿಲಿಯಂ ಬರ್ನ್. ನಡುವೆ ಅಂಗಳ, ಸುತ್ತ ಕಮಾನಿನ ಪಡಸಾಲೆ, ಮುಂದೆ ಹುಲ್ಲುಹಾಸಿನಲ್ಲಿ 16ನೇ ಶತಮಾನದ ಒಂದು ಪಾಳು ಪ್ರಾರ್ಥನಾ ಮಂದಿರದ ತುಂಡು ಗೋಡೆ. ಊರಿನ ಎರಡು ಹಳೇ ಶಾಲೆಗಳನ್ನ ಸೇರಿಸಿಕೊಂಡು 1833ರಲ್ಲಿ ಪಾಠ ಶುರುವಾಯ್ತು. ಮಾನಿಟರ್ ಪದ್ಧತಿಯೇ ಹೆಚ್ಚು ಕಾಲ ಬಾಳಲಿಲ್ಲ. ಮಕ್ಕಳು ಕಲಿಸೋದು ಅಗ್ಗ, ಆದರೆ ಆಳ ಸಾಲದು ಅಂತ ಬ್ರಿಟನ್ನಿಗೆ ಅರಿವಾಯ್ತು. 1846ರಲ್ಲಿ ಸರ್ಕಾರ ಸಂಬಳ ಕೊಟ್ಟು ತರಬೇತಿ ಕೊಡೋ ಹೊಸ ಕ್ರಮ ತಂದಿತು. ಬೆಲ್ ಹಣ ಮಾತ್ರ ಕೆಲಸ ಮಾಡ್ತಾನೇ ಇತ್ತು. 1876ರಲ್ಲಿ ಅದರಿಂದಲೇ ಎಡಿನ್‌ಬರೋ ಮತ್ತು ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯಗಳಲ್ಲಿ ಶಿಕ್ಷಣಶಾಸ್ತ್ರದ ಪ್ರಾಧ್ಯಾಪಕ ಪೀಠಗಳು ಹುಟ್ಟಿದವು.

1960ರ ದಶಕದಲ್ಲಿ ಶಾಲೆ ಎಲ್ಲರಿಗೂ ಮುಕ್ತವಾದ ಕಾಂಪ್ರಹೆನ್ಸಿವ್ ಶಾಲೆಯಾಯ್ತು. ಚಿಕ್ಕವರು ಕಿಲ್ರಿಮಾಂಟ್ ರಸ್ತೆಯ ಹೊಸ ಕಟ್ಟಡದಲ್ಲಿ, ದೊಡ್ಡವರು ಸೌತ್ ಸ್ಟ್ರೀಟ್‌ನಲ್ಲಿ. ಎರಡನ್ನೂ ಒಂದೇ ಕಡೆ ತರಬೇಕು ಅಂತ ವರ್ಷಗಟ್ಟಲೆ ಎಳೆದಾಟ, ಜಾಗದ ಜಗಳ ಕೋರ್ಟಿನವರೆಗೂ ಹೋಗಿತ್ತು. ಕೊನೆಗೆ 2021ರ ಆಗಸ್ಟ್‌ನಲ್ಲಿ ಊರಿನ ಅಂಚಿನ ಲ್ಯಾಂಗ್‌ಲ್ಯಾಂಡ್ಸ್ ಅನ್ನೋ ಜಾಗದಲ್ಲಿ ಹೊಸ ಕಟ್ಟಡ ತೆರೆಯಿತು. ಸೌತ್ ಸ್ಟ್ರೀಟ್‌ನ ಹಳೇ ಕಟ್ಟಡ ವಿಶ್ವವಿದ್ಯಾಲಯದ ಪಾಲಾಯ್ತು. ಕಟ್ಟಡ ಬದಲಾದರೂ ಹೆಸರು ಬದಲಾಗಲಿಲ್ಲ. ಹೊಸ ಬೋರ್ಡಿನ ಮೇಲೂ ಮದ್ರಾಸ್ ಕಾಲೇಜ್ ಅಂತಲೇ ಇದೆ.

ಇಷ್ಟು ಈ ವಾರಕ್ಕೆ. ನಿಮ್ಮ ಮನೆಯ ಹಿರಿಯರು ಮರಳಲ್ಲಿ, ಅಕ್ಕಿಯಲ್ಲಿ ಅಕ್ಷರ ತಿದ್ದಿದ ನೆನಪು ಹೇಳಿದರೆ, ಫೋನಿನಲ್ಲಿ ರೆಕಾರ್ಡ್ ಮಾಡಿ ನಮಗೆ ಕಳಿಸಿ. ಮುಂದಿನ ವಾರ ಸಿಗೋಣ.